ವಿನ್ಯಾಸ ಮೈಸೂರಿನದು, ಕುಲುಮೆ ಎಲ್ಲಿಯದು?

ಮೈಸೂರು ಅರಮನೆಯ ಕಲ್ಯಾಣ ಮಂಟಪವನ್ನು ಪ್ರವೇಶಿಸಿದವರ ದೃಷ್ಟಿ ಮೊದಲು ಹೋಗುವುದು ಮೇಲಕ್ಕೆ. ಅಷ್ಟಕೋನಾಕಾರದ ಮಂಟಪದ ಮೇಲೆ ಬಣ್ಣದ ಗಾಜಿನ ಚಾವಣಿ, ಅದರ ತುಂಬ ನವಿಲು ಮತ್ತು ಹೂವಿನ ಚಿತ್ತಾರ. ಈ ವಿನ್ಯಾಸಗಳನ್ನು ರೂಪಿಸಿದವರು ಮೈಸೂರಿನ ಕಲಾವಿದರು ಎಂದು ಅರಮನೆಯನ್ನು ಪರಿಚಯಿಸುವ ಬರಹಗಳು ಹೇಳುತ್ತವೆ. ಆದರೆ ಚಾವಣಿ ತಯಾರಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಾಸೆನ್ ಕಾರ್ಖಾನೆಯಲ್ಲಿ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ನಂತರ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ನಿರ್ಮಾಣವಾದ ಈ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಕಲ್ಪನೆ ಇಲ್ಲಿಯದು, ಕುಲುಮೆ ಅಲ್ಲಿಯದು ಎಂಬ ಆ ದಿನಗಳ ಹಂಚಿಕೆ ಒಂದು ಶತಮಾನದ ನಂತರವೂ ಪ್ರಶ್ನೆಯಾಗಿಯೇ ಉಳಿದಿದೆ.

ಗಾಜು ಕನ್ನಡ ನಾಡಿಗೆ ಅಪರಿಚಿತ ವಸ್ತುವೇನಲ್ಲ. ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜು ತಯಾರಿಕೆಯ ವಿವರವನ್ನು ದಾಖಲಿಸಿದ್ದಾನೆ. ಆದರೆ ಆ ಕಸುಬಿನ ಜ್ಞಾನ ಯಾವ ಶಾಲೆಯ ಪಠ್ಯವೂ ಆಗಲಿಲ್ಲ. ಕುಲುಮೆ ಆರಿದಾಗ ಅದರೊಂದಿಗೆ ವಿದ್ಯೆಯೂ ಆರಿತು.

ಮೈಸೂರಿನ ಉಳಿದ ಕಲೆಗಳ ಕಥೆ ಬೇರೆ. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡ ಕುಶಲಕಲೆಗಳಿಗೆ ತರಬೇತಿಯ ನೆಲೆಯಾಯಿತು. ಬೀಟೆ ಮರದ ಕೆತ್ತನೆ ಜೋಡಣೆ ಮತ್ತು ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿವೆ. ಈ ಪರಂಪರೆಯ ನಗರದಲ್ಲಿಯೇ ಇರುವ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಅಂದರೆ ‘ಕಾವಾ’, ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ, ಛಾಯಾಚಿತ್ರ ಮತ್ತು ಕಲಾ ಇತಿಹಾಸಕ್ಕೆ ಹೆಸರಾದ ಸಂಸ್ಥೆ. ಗಾಜು ಮಾತ್ರ ಅಲ್ಲಿ ಪ್ರತ್ಯೇಕ ವಿಭಾಗವಾಗಿ ಬೆಳೆಯಲಿಲ್ಲ.

ಕಲಿಕೆ ಎಷ್ಟು ನಿರ್ಣಾಯಕ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಗಾಜಿನ ತಯಾರಿಕೆ ಎಂದರೆ ದೊಡ್ಡ ಕಾರ್ಖಾನೆಯ ಕೆಲಸ ಎಂಬ ನಂಬಿಕೆಯನ್ನು 1962ರಲ್ಲಿ ಟೊಲೆಡೊ ಕಲಾ ವಸ್ತುಸಂಗ್ರಹಾಲಯದಲ್ಲಿ ನಡೆದ ಕಾರ್ಯಾಗಾರಗಳು ಮುರಿದವು. ಕಲಾವಿದನೊಬ್ಬ ತನ್ನ ಕಾರ್ಯಶಾಲೆಯ ಸಣ್ಣ ಕುಲುಮೆಯಲ್ಲಿಯೇ ಗಾಜನ್ನು ಕರಗಿಸಬಹುದೆಂದು ಹಾರ್ವಿ ಲಿಟಲ್ಟನ್ ತೋರಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠವಾಗಿಸಿದರು. ಜಗತ್ಪ್ರಸಿದ್ಧ ಗಾಜಿನ ಕಲಾವಿದ ಡೇಲ್ ಚಿಹುಲಿ ಅವರ ವಿದ್ಯಾರ್ಥಿ. ತಮ್ಮ ಸರದಿಯಲ್ಲಿ ಚಿಹುಲಿ 1971ರಲ್ಲಿ ಪಿಲ್ಚಕ್ ಗಾಜಿನ ಶಾಲೆಯ ಸ್ಥಾಪಕರಲ್ಲೊಬ್ಬರಾದರು.

ಭಾರತದಲ್ಲಿ ಗಾಜಿನ ಉದ್ಯಮ ಎಂದರೆ ಫಿರೋಜಾಬಾದ್. ಅಲ್ಲಿನ ಕುಶಲಕರ್ಮಿಗಳ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಕಾರ್ಖಾನೆಯ ಬೇಡಿಕೆಗೆ ದುಡಿಯುವುದು ಬೇರೆ, ಸ್ವಂತ ಕಲ್ಪನೆಗೆ ಗಾಜನ್ನು ಒಗ್ಗಿಸುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ತುಂಬಲು ಯತ್ನಿಸಿದವರಲ್ಲಿ ದೆಹಲಿ ಪರಿಸರದಲ್ಲಿ ‘ಗ್ಲಾಸ್ ಸೂತ್ರ’ ಕಾರ್ಯಶಾಲೆ ನಡೆಸಿದ ರೇಶ್ಮಿ ಡೇ ಒಬ್ಬರು. ಸ್ವಂತ ಕೃತಿರಚನೆಯ ಜೊತೆಗೆ ಆಸಕ್ತರಿಗೆ ಗಾಜಿನ ಕೆಲಸ ಕಲಿಸುವುದನ್ನೂ ಅವರು ವೃತ್ತಿಯ ಭಾಗವಾಗಿಸಿಕೊಂಡರು.

ಗಾಜು ಕಲಿಯುವವರಿಂದ ಬಹಳ ತಾಳ್ಮೆ ಕೇಳುತ್ತದೆ. ಊದಿ ರೂಪಿಸುವ ಗಾಜಿಗೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗಾಜಿನ ತುಂಡುಗಳನ್ನು ಒಂದಕ್ಕೊಂದು ಬೆಸೆಯಲು ಸುಮಾರು 800 ಡಿಗ್ರಿ ಸಾಕು. ವಿದ್ಯುತ್ ಕುಲುಮೆಯಲ್ಲಿ ಇದು ಸಾಧ್ಯ. ನಂತರದ ಹಂತ ಇನ್ನೂ ನಾಜೂಕಿನದು. ಕೃತಿಯನ್ನು ಗಂಟೆಗಟ್ಟಲೆ ನಿಧಾನವಾಗಿ ತಣಿಸದಿದ್ದರೆ ಒಳಗೆ ಉಳಿದ ಒತ್ತಡದಿಂದ ಅದು ಬಿರುಕು ಬಿಡುತ್ತದೆ. ಇದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಪಕ್ಕದಲ್ಲಿ ಗುರು ಬೇಕು, ಒಡೆದುಹೋಗುವ ಗಾಜಿನ ಖರ್ಚನ್ನು ಹೊರುವ ಸಂಸ್ಥೆಯೂ ಬೇಕು.

ಪ್ರದರ್ಶನದ ಸಮಸ್ಯೆಯೂ ಇದರೊಂದಿಗೆ ಬೆಸೆದುಕೊಂಡಿದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಎದುರಿನ ಬೆಳಕು ಸಾಕು. ಗಾಜಿನ ಕೃತಿಗೆ ಹಿಂದಿನಿಂದಲೋ ಮೇಲಿನಿಂದಲೋ ಬೆಳಕು ಹಾಯಬೇಕು. ದಸರಾ ಸಂದರ್ಭದ ಲಲಿತಕಲಾ ಪ್ರದರ್ಶನಗಳಿಗೆ ಮೈಸೂರಿನಲ್ಲಿ ನೋಡುಗರ ಬರವಿಲ್ಲ. ಗಾಜಿಗೂ ಅಲ್ಲಿ ಒಂದು ಮೂಲೆ, ತಕ್ಕ ಬೆಳಕು ದೊರೆತರೆ ಕಲಾವಿದರಿಗೆ ದೊಡ್ಡ ಉತ್ತೇಜನವಾದೀತು.

ಇರುವ ವಿಭಾಗಗಳನ್ನು ನಡೆಸುವುದೇ ಸರ್ಕಾರಿ ಕಲಾಶಾಲೆಗಳಿಗೆ ಕಷ್ಟವಾಗಿರುವಾಗ ಹೊಸ ವಿಭಾಗವೇಕೆ ಎಂಬ ಆಕ್ಷೇಪ ಸಹಜ. ಆದರೆ ಬೇಕಿರುವುದು ಪೂರ್ಣ ವಿಭಾಗವಲ್ಲ. ಶಿಲ್ಪಕಲೆಯ ಜೊತೆಗೆ ಒಂದು ವಿದ್ಯುತ್ ಕುಲುಮೆ, ವರ್ಷಕ್ಕೊಮ್ಮೆ ಅನುಭವಿ ಗಾಜು ಕಲಾವಿದರ ಕೆಲವು ವಾರಗಳ ಪಾಠ, ಅರಮನೆ ಮಂಡಳಿಯ ಸಹಕಾರದಿಂದ ಕಲ್ಯಾಣ ಮಂಟಪದ ಅಧ್ಯಯನ: ಆರಂಭಕ್ಕೆ ಇಷ್ಟು ಸಾಕು.

ಇದು ಕೇವಲ ಅಭಿರುಚಿಯ ವಿಷಯವೂ ಅಲ್ಲ. ವರ್ಣಗಾಜಿನ ತುಂಡುಗಳನ್ನು ಹಿಡಿದಿಡುವ ಲೋಹದ ಪಟ್ಟಿಗಳು, ಬೆಸುಗೆಗಳು ಕಾಲಕ್ರಮೇಣ ಸಡಿಲಗೊಳ್ಳುವುದು ಎಲ್ಲೆಡೆಯ ಅನುಭವ. ನೂರು ವರ್ಷ ದಾಟಿದ ಚಾವಣಿಗೆ ಇಂದಲ್ಲ ನಾಳೆ ನುರಿತ ಕೈಗಳ ಆರೈಕೆ ಬೇಕಾಗುತ್ತದೆ. ಅದನ್ನು ತಯಾರಿಸಿದ ಗ್ಲಾಸ್ಗೋದ ಕಾರ್ಖಾನೆ 1960ರ ದಶಕದಲ್ಲಿಯೇ ಮುಚ್ಚಿಹೋಯಿತು. ಆಗ ಕುಲುಮೆ ದೂರದಲ್ಲಾದರೂ ಇತ್ತು. ಈಗ ಅದೂ ಇಲ್ಲ. ಅಂದಿನ ವಿನ್ಯಾಸಕಾರರ ಊರಿನಲ್ಲೇ ಗಾಜು ಬಲ್ಲ ಹೊಸ ಪೀಳಿಗೆಯೊಂದು ಸಿದ್ಧವಾಗುವುದು ಕಲೆಗೂ ಒಳಿತು, ಅರಮನೆಗೂ ಒಳಿತು.