‘ಪಾಪ’ ಎಂದರೆ ಸಾಲದು



ನಮ್ಮ ಊರುಗಳಲ್ಲಿ ಜಾತ್ರೆಗೂ ಬಾರದ, ಮದುವೆಗೂ ಬಾರದ ಕೆಲವು ಕುಟುಂಬಗಳಿರುತ್ತವೆ. ಗಂಡ ಬಂದರೆ ಹೆಂಡತಿ ಬರುವುದಿಲ್ಲ, ಹೆಂಡತಿ ಬಂದರೆ ಗಂಡ ಮನೆಯಲ್ಲೇ ಉಳಿಯುತ್ತಾನೆ. ಎದ್ದು ನಡೆಯಲಾರದ, ಮಾತಾಡಲಾರದ ಅಥವಾ ತಾನಾಗಿ ತುತ್ತು ಎತ್ತಿಕೊಳ್ಳಲಾರದ ಮಗುವೊಂದು ಆ ಮನೆಯಲ್ಲಿದೆ. ಆ ಮನೆಯ ಮಾತು ಬಂದಾಗ ನಾವು ‘ಪಾಪ’ ಎನ್ನುತ್ತೇವೆ. ಆ ಒಂದು ಮಾತಿನಲ್ಲಿ ಕನಿಕರವೂ ಇದೆ, ತೀರ್ಪೂ ಇದೆ. ಹಿಂದಿನ ಜನ್ಮದ ಕರ್ಮ, ತಾಯಿಯ ದೋಷ ಎಂಬ ಪಿಸುಮಾತು ಅದರ ಹಿಂದೆಯೇ ಬರುತ್ತದೆ. ಒಡಹುಟ್ಟಿದವರ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಮಗುವನ್ನೇ ಮರೆಮಾಡುತ್ತಾರೆ.

ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದು ಎಂಬುದು ಶರಣರ ನಿಲುವು. ಹುಟ್ಟಿನಿಂದ ಬಂದ ರೋಗಕ್ಕೆ ತಾಯಿಯನ್ನು ದೂರುವುದು ಆ ನಿಲುವಿಗೆ ವಿರುದ್ಧವಾದದ್ದು. ಅದು ವಿಜ್ಞಾನಕ್ಕೂ ಒಪ್ಪುವ ಮಾತಲ್ಲ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಸ್ನಾಯುರೋಗವನ್ನೇ ನೋಡಿ. ಇದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಎರಡರಿಂದ ಐದು ವರ್ಷದೊಳಗೆ ಮಗು ಪದೇ ಪದೇ ಬೀಳತೊಡಗುತ್ತದೆ, ಸುಮಾರು ಹನ್ನೆರಡರ ಹೊತ್ತಿಗೆ ನಡಿಗೆ ನಿಲ್ಲುತ್ತದೆ. ಇಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ತಾಯಿಯಿಂದ ಏನೂ ಬಂದಿರುವುದಿಲ್ಲ, ಜೀನಿನ ಬದಲಾವಣೆ ಹೊಸದಾಗಿ ಆಗಿರುತ್ತದೆ. ಉಳಿದವರಲ್ಲಿ ತಾಯಿಯಿಂದ ಬಂದಿದ್ದರೂ ಅದು ಆಕೆಯ ತಪ್ಪಲ್ಲ. ಆಕೆಗೆ ಅದು ತಿಳಿದೂ ಇರಲಿಲ್ಲ.

ಥಲಸ್ಸೇಮಿಯಾದಂಥ ರೋಗಗಳ ಬಗೆ ಬೇರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಕೊಟ್ಟು ತರುವ ನಮ್ಮ ಪದ್ಧತಿಯಿಂದ ಈ ಬಗೆಯ ರೋಗಗಳ ಸಂಭವ ಹೆಚ್ಚುತ್ತದೆ. ಮಠಗಳಲ್ಲಿ ಮದುವೆ ನಡೆಸಿಕೊಡುವ ಪೂಜ್ಯರು ಇದನ್ನು ಬಾಯಿಬಿಟ್ಟು ಹೇಳಬೇಕು. ಆದರೆ ಆಗಲೇ ಇಂಥ ಮಗುವಿರುವ ದಂಪತಿಯ ಎದುರು ಈ ಮಾತು ಆಡಿ ನೋಯಿಸಬೇಡಿ. ಅವರಿಗೆ ಬೇಕಾದದ್ದು ಮುಂದಿನ ಗರ್ಭಕ್ಕೆ ಮೊದಲು ತಳಿಶಾಸ್ತ್ರ ವೈದ್ಯರ ಸಲಹೆ.

ಇನ್ನು ಸರ್ಕಾರದ ಕಡೆಯಿಂದ ಏನಿದೆ? 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ ಅವು 21 ಆಗಿವೆ. ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೋಫಿ, ಥಲಸ್ಸೇಮಿಯಾ, ಹಿಮೋಫಿಲಿಯಾ ಈಗ ಅದರಲ್ಲಿವೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕಾಗಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವುಂಟು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವು ಸಿಗುತ್ತದೆ. ಅಂಥದೊಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಆದರೆ ಗೋಶೆ, ಪಾಂಪೆಯಂಥ ರೋಗಗಳಿಗೆ ಆಯುಷ್ಯವಿಡೀ ಔಷಧ ಬೇಕು. ಅವಕ್ಕೆ ಈ ಹಣ ಸ್ವಲ್ಪ ಕಾಲಕ್ಕಷ್ಟೇ ಸಾಲುತ್ತದೆ. ಆಮೇಲೇನು ಎಂಬ ಪ್ರಶ್ನೆಯನ್ನು ಆ ತಂದೆತಾಯಿಗಳು ಮಾತ್ರ ಕೇಳಿದರೆ ಯಾರಿಗೂ ಕೇಳಿಸದು. ಸಮಾಜವೇ ಕೇಳಬೇಕು.

ಇರುವ ಸೌಲಭ್ಯ ಪಡೆಯುವುದೂ ಸುಲಭವಲ್ಲ. ವೈದ್ಯಕೀಯ ಪ್ರಮಾಣಪತ್ರ, ಯುಡಿಐಡಿ ಕಾರ್ಡು, ಬ್ಯಾಂಕ್ ಖಾತೆ, ಆಧಾರ್ ಜೋಡಣೆ ಎಂದು ಮಗುವನ್ನು ಎತ್ತಿಕೊಂಡು ಅಲೆಯಬೇಕು. ಒಂದು ಓಡಾಟಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ನಮ್ಮಂಥವರಿಗೆ ಕಚೇರಿಯ ದಾರಿ ಗೊತ್ತು, ಕಡತ ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತು. ಒಬ್ಬ ನಿವೃತ್ತ ನೌಕರ ಎರಡು ಕುಟುಂಬಗಳ ಕಾಗದಪತ್ರದ ಹೊಣೆ ಹೊತ್ತರೆ ಅದಕ್ಕಿಂತ ಒಳ್ಳೆಯ ಕಾಯಕ ಬೇರೇನಿದೆ? ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಅವರು ಬಲ್ಲರು.

ಅನ್ನ ದಾಸೋಹ, ಅಕ್ಷರ ದಾಸೋಹಗಳಿಂದ ನಮ್ಮ ಮಠಗಳು ನಾಡಿಗೆ ಹೆಸರಾಗಿವೆ. ಈ ಮನೆಗಳಿಗೆ ಬೇಕಾದದ್ದು ಸಮಯದ ದಾಸೋಹ. ಹಗಲು ರಾತ್ರಿ ಮಗುವನ್ನು ಎತ್ತಿ, ಮಲಗಿಸಿ, ತೊಳೆದು, ಉಣಿಸುವ ತಾಯಿಗೆ ಬೆನ್ನುನೋವು ಬಂದರೂ ಆಸ್ಪತ್ರೆಗೆ ಹೋಗಲು ಬಿಡುವಿಲ್ಲ. ಮನೆಯವರು ಬಲ್ಲ, ಮನೆಯವರು ಒಪ್ಪಿದ ಇಬ್ಬರು ವಾರಕ್ಕೆ ಮೂರು ಗಂಟೆ ಆ ಮಗುವಿನ ಜೊತೆ ಇದ್ದರೆ ಸಾಕು. ಹೇಗೆ ಎತ್ತಬೇಕು, ಹೇಗೆ ಉಣಿಸಬೇಕು ಎಂಬುದನ್ನು ಮೊದಲು ತಾಯಿಯಿಂದಲೇ ಕಲಿಯಬೇಕು.

ಎಂಜಿನಿಯರನಾಗಿ ಇನ್ನೊಂದು ಮಾತು. ಮಠದ ಸಭಾಂಗಣಕ್ಕೆ, ಕಲ್ಯಾಣ ಮಂಟಪಕ್ಕೆ ಮೆಟ್ಟಿಲುಗಳನ್ನಷ್ಟೇ ಕಟ್ಟಿ ‘ಎಲ್ಲರಿಗೂ ಸ್ವಾಗತ’ ಎಂದು ಫಲಕ ಹಾಕಿದರೆ ಅದು ಸುಳ್ಳಾಗುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಪಕ್ಕದಲ್ಲಿ ಹಿಡಿಕೆ, ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯದ ಬಾಗಿಲು, ಇಷ್ಟೇ ಬೇಕಾದದ್ದು. ಕಟ್ಟುವಾಗಲೇ ಸೇರಿಸಿದರೆ ಖರ್ಚು ಅಲ್ಪ. ಆಮೇಲೆ ಒಡೆದು ಕಟ್ಟುವುದೇ ದುಬಾರಿ.

ಕೊನೆಯದಾಗಿ, ಆ ತಂದೆತಾಯಿಗಳ ನಿದ್ದೆ ಕೆಡಿಸುವ ಪ್ರಶ್ನೆ: ‘ನಮ್ಮ ನಂತರ ಯಾರು?’ ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿಯೂ ಕಾನೂನಿನಂತೆ ಪಾಲಕರಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ನಿರಾಮಯದ ವಿಷಯದಲ್ಲಿ ಹೇಳಿದ ಆ ನಾಲ್ಕು ಬಗೆಯವರಿಗೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಆದರೆ ಪಾಲಕರಾಗಲು ಮನುಷ್ಯರು ಮುಂದೆ ಬರಬೇಕಲ್ಲ? ಕಾನೂನು ಕಾಗದ ಕೊಡಬಲ್ಲದು, ಬಂಧುಗಳನ್ನು ಕೊಡಲಾರದು.

ಮುಂದಿನ ಮಾಸಿಕ ಅನುಭಾವಗೋಷ್ಠಿಗೆ ಮುನ್ನ ಪ್ರತಿ ಮಠದ ಭಕ್ತ ಸಮಿತಿಯೂ ತನ್ನ ಊರಿನ ಇಂಥ ಮನೆಗಳಿಗೆ ಒಮ್ಮೆ ಹೋಗಿ ಬರಲಿ. ಹಾರ, ಫೋಟೋ, ಹಣ್ಣಿನ ಬುಟ್ಟಿ ಬೇಡ. ‘ನಿಮಗೆ ಯಾವ ಕೆಲಸ ಕಷ್ಟವಾಗಿದೆ?’ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು, ಅದರಲ್ಲಿ ಒಂದನ್ನಾದರೂ ತಿಂಗಳೊಳಗೆ ಮಾಡಿ ಮುಗಿಸೋಣ.