ಮಾದಾಪುರದ ಮಾತು: ಅಣ್ಣನಿಗೆ ತಮ್ಮನ ಮಜ್ಜೆ

ಮಾದಾಪುರದಲ್ಲಿ ಮನೆ ಮಾಡಿದವರಿಗೆ ನೆಂಟರ ಬರವಿಲ್ಲ. ಕಲಬುರ್ಗಿ, ಬೀದರ, ರಾಯಚೂರುಗಳಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ಬಂಧುಗಳು ನಮ್ಮಲ್ಲೇ ಇಳಿಯುವುದು ವಾಡಿಕೆ. ಕಳೆದ ತಿಂಗಳು ಬಂದವರು ನಮ್ಮಾಕೆಯ ಸೋದರತ್ತೆ. ಅವರ ಹಿರಿಯ ಮಗನಿಗೆ ರಕ್ತದ ಕ್ಯಾನ್ಸರು. ಔಷಧದಿಂದ ರೋಗ ತಗ್ಗಿದೆ. ಮರುಕಳಿಸದಿರಬೇಕಾದರೆ ಅಸ್ಥಿಮಜ್ಜೆಯ ಕಸಿಯಾಗಬೇಕೆಂದು ಡಾಕ್ಟರರ ಸಲಹೆ. ಒಡಹುಟ್ಟಿದವರದು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ದೇವರ ದಯೆ, ಕಿರಿಯ ಮಗನದು ಹೊಂದಿತು. ಹುಡುಗನೇನೋ ಸಿದ್ಧ, ತಾಯಿಯೇ ಒಪ್ಪಲೊಲ್ಲರು.

"ಒಬ್ಬನ್ನ ಉಳಸಾಕ ಹೋಗಿ ಇನ್ನೊಬ್ಬನ ಬೆನ್ನೆಲುಬು ತೂತು ಹಾಕಸಲೇನ್ರಿ?" ಎಂದು ಅತ್ತರು.

ನಾವು ಬಿ.ಎ. ಓದಿದವರು, ಸುಮ್ಮನಿರುವುದುಂಟೆ? ಹಿಂದಿನ ದಿನವಷ್ಟೇ ಡಾಕ್ಟರರಿಂದ ಕೇಳಿದ್ದನ್ನು ಸ್ವಂತ ವಿದ್ಯೆಯೆಂಬಂತೆ ಒಪ್ಪಿಸಿದೆವು. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಈಗ ಬಹುಪಾಲು ದಾನಿಗಳ ಎಲುಬಿಗೂ ಕೈಹಾಕುವುದಿಲ್ಲ. ನಾಲ್ಕೈದು ದಿನ ಸೂಜಿಮದ್ದು ಕೊಟ್ಟರೆ ಮಜ್ಜೆಯ ಮೂಲಕಣಗಳು ರಕ್ತಕ್ಕೆ ಇಳಿದು ಬರುತ್ತವೆ. ಯಂತ್ರವೊಂದು ಅವನ್ನು ಸೋಸಿಕೊಂಡು ಉಳಿದ ರಕ್ತವನ್ನು ಮೈಗೆ ಹಿಂದಿರುಗಿಸುತ್ತದೆ. ಕೆಲವು ಗಂಟೆಗಳ ಕೆಲಸ. ಎಲುಬಿನಿಂದಲೇ ತೆಗೆಯಬೇಕಾದರೂ ಸೊಂಟದ ಹಿಂಬದಿಯಿಂದ, ಅರಿವಳಿಕೆ ಕೊಟ್ಟು. ಕೊಟ್ಟದ್ದು ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮೈಕೈ ನೋವುಂಟು, ಸುಳ್ಳೇಕೆ?

ದೊಡ್ಡ ಕಷ್ಟವೆಲ್ಲ ಪಡೆಯುವವನದು. ಉಗ್ರವಾದ ಔಷಧದಿಂದ ಅವನ ಮಜ್ಜೆಯನ್ನು ಬರಿದು ಮಾಡಿ, ಹೊಸ ಕಣಗಳನ್ನು ರಕ್ತ ಏರಿಸುವಂತೆಯೇ ಏರಿಸುತ್ತಾರೆ. ಅವು ತಾವಾಗಿ ಎಲುಬನ್ನು ಹುಡುಕಿಕೊಂಡು ಹೋಗಿ ನೆಲಸುತ್ತವೆ! (ನಮ್ಮ ಆಫೀಸಿನ ಫೈಲುಗಳಿಗೆ ಈ ವಿದ್ಯೆ ಬಾರದು.) ಬಂದ ಕಣಗಳು ಮನೆಯೊಡೆಯನ ಮೇಲೆಯೇ ಜಗಳಕ್ಕೆ ನಿಲ್ಲುವುದೂ ಉಂಟು. ಅದನ್ನು ತಡೆಯಲು ಬಳಸುವ ಔಷಧಗಳಲ್ಲೊಂದು ಮೆಥೊಟ್ರೆಕ್ಸೇಟ್. ಭೀಮವರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೊಡುಗೆ ಅದು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರು 1983ರಲ್ಲಿಯೇ 9 ವರ್ಷದ ಹುಡುಗಿಗೆ ಅವಳ ಸೋದರನ ಮಜ್ಜೆಯನ್ನು ಕಸಿ ಮಾಡಿದರೆಂದೂ, ಅಡ್ವಾಣಿಯವರು ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿ ಓಡಾಡುವವರೆಂದೂ ಹೇಳಿದಾಗ ಅತ್ತೆಯವರು ತಲೆಯೆತ್ತಿದರು.

"ಅಳಿಯಂದ್ರ, ಇಷ್ಟೆಲ್ಲಾ ತಿಳದೀರಿ. ನೀವರ ಹೆಸರು ಬರೆಸೀರೇನ್ರಿ?"

ಬರೆಸಿರಲಿಲ್ಲ. ನಮ್ಮಾಕೆ ಬಾಗಿಲಿಗೊರಗಿ ನಮ್ಮ ಮುಖವನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಹೊಂದುವವರಿಲ್ಲದ ರೋಗಿಗಳಿಗಾಗಿ ಚೆನ್ನೈಯ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಮೊದಲಾದ ಸಂಸ್ಥೆಗಳು ದಾನಿಗಳ ಪಟ್ಟಿ ಇಟ್ಟಿವೆ. 18 ತುಂಬಿ 50 ದಾಟದ ಆರೋಗ್ಯವಂತರು ಸೇರಬಹುದು. ಹೊಂದಾಣಿಕೆ ಹೆಚ್ಚಾಗಿ ಸಿಕ್ಕುವುದು ಒಂದೇ ಮೂಲದ ಜನರಲ್ಲಿ. ಕನ್ನಡ ನಾಡಿನ ರೋಗಿಗೆ ಜರ್ಮನಿಯ ಪಟ್ಟಿಗಿಂತ ನಮ್ಮ ಸಂಘದ ಸದಸ್ಯರ ಪಟ್ಟಿಯೇ ಹೆಚ್ಚು ಉಪಯೋಗವಾದೀತು! ಆದರೆ ಹೆಸರು ಬರೆಸಿ, ಕರೆ ಬಂದಾಗ ಹಿಂದೆಗೆಯುವವರೂ ಇದ್ದಾರೆ. ಅಂಥವರು ಬರೆಸದಿರುವುದೇ ಮೇಲು.

ಮರುವಾರ ಗಂಡಹೆಂಡಿರಿಬ್ಬರೂ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಕಳುಹಿಸಿದೆವು. ಅತ್ತೆಯವರು ಎದುರಿಗೆ ಕುಳಿತು ನೋಡಿದರು; ಏನೂ ಅನ್ನಲಿಲ್ಲ. ಸೋಮವಾರದಿಂದ ಕಿರಿಯವನಿಗೆ ಸೂಜಿಮದ್ದು. ಇದನ್ನು ಬರೆಯುತ್ತಿರುವಾಗ ಒಳಗೆ ಅವನಿಗಾಗಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ.