5 ವೋಲ್ಟ್ ಬೋರ್ಡಿನಿಂದ 1000 ವ್ಯಾಟ್ ಸದ್ದು ಬರುತ್ತದೆಯೇ? ಆನೆ ಓಡಿಸುವ ‘ಸೌಂಡ್ ಬಾಕ್ಸ್’ ಬಗ್ಗೆ ತಿಳಿಯಬೇಕಾದ್ದು

‘ರಾತ್ರಿ ಕಾವಲು ಬೇಡ. ಸಣ್ಣ ಬೋರ್ಡಿಗೆ 1000 ವ್ಯಾಟ್ ಆಂಪ್ಲಿಫೈಯರ್ ಜೋಡಿಸಿ ಹುಲಿ ಗರ್ಜನೆ ಹಾಕಿದರೆ ಆನೆ ಹತ್ತಿರವೂ ಸುಳಿಯುವುದಿಲ್ಲ.’ ಇಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಹನೂರಿನ ಸುತ್ತ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಜೀವಿ ಧಾಮಗಳಿವೆ. ಯಳಂದೂರಿನ ಪಕ್ಕದಲ್ಲೇ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶವಿದೆ. ಕಾಡಂಚಿನಲ್ಲಿ ರಾಗಿ, ಮುಸುಕಿನ ಜೋಳ ಬೆಳೆಯುವವರಿಗೆ ಇದು ತಮಾಷೆಯ ಫಾರ್ವರ್ಡ್ ಅಲ್ಲ. ಪೆಟ್ಟಿಗೆ ನಂಬಿ ಮಲಗಿದರೆ ಬೆಳೆ ಹೋಗಬಹುದು. ಆನೆ ಓಡಿದೆ ಎಂದುಕೊಂಡು ಕತ್ತಲಲ್ಲಿ ಹೊಲಕ್ಕೆ ಇಳಿದರೆ ಜೀವವೇ ಹೋಗಬಹುದು.

ಹಾಗಾದರೆ ಈ ಪೆಟ್ಟಿಗೆಗಳ ಸದ್ದು ನಿಜಕ್ಕೂ ಎಷ್ಟು?

‘1000 ವ್ಯಾಟ್’ ಎಂದರೇನು?

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ ಈ ಅಂಕಿ ಸಾಮಾನ್ಯವಾಗಿ ‘ಪಿಎಂಪಿಒ’ ಲೆಕ್ಕದ್ದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ನಿಮಗೆ ಬೇಕಾದ್ದು ‘ಆರ್‌ಎಂಎಸ್’ ವ್ಯಾಟ್.

ಸುಲಭವಾದ ಪರೀಕ್ಷೆ ಹೀಗಿದೆ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ. 5 ವೋಲ್ಟ್, 2 ಆಂಪಿಯರ್ ಚಾರ್ಜರ್ ಕೊಡುವುದು ಒಟ್ಟು 10 ವ್ಯಾಟ್. ಒಳಗೆ 10 ಹೋದಲ್ಲಿ ಹೊರಗೆ 1000 ಬರಲು ಸಾಧ್ಯವಿಲ್ಲ.

ಆ 10 ವ್ಯಾಟ್ ಕೂಡ ಪೂರ್ತಿ ಸಿಗದು. 5 ವೋಲ್ಟಿನಲ್ಲಿ ಕೆಲಸ ಮಾಡುವ ಸಾಮಾನ್ಯ ಆಂಪ್ಲಿಫೈಯರ್ ಚಿಪ್ 4 ಓಮ್ ಸ್ಪೀಕರಿಗೆ ಕೊಡಬಲ್ಲದ್ದು ಹೆಚ್ಚೆಂದರೆ ಸುಮಾರು 3 ವ್ಯಾಟ್. ಜನಪ್ರಿಯ ಪಿಎಎಂ8403 ಚಿಪ್ಪಿನ ಒಂದೊಂದು ಚಾನೆಲ್ ಮೇಲೂ ಇದೇ ಅಂಕಿ ಇರುತ್ತದೆ. ಅದೂ ಧ್ವನಿ ಶೇ 10ರಷ್ಟು ಕೆಟ್ಟ ಸ್ಥಿತಿಯಲ್ಲಿ ಅಳೆದದ್ದು.

ಮೂರು ವ್ಯಾಟ್ ಎಷ್ಟು ದೂರ ಕೇಳಿಸುತ್ತದೆ?

ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುವ ಸ್ಪೀಕರ್ ಇದೆ ಎಂದುಕೊಳ್ಳಿ. ಮೂರು ವ್ಯಾಟಿನಲ್ಲಿ ಅದು 93 ಡೆಸಿಬಲ್ ಆಗುತ್ತದೆ. 100 ಮೀಟರ್ ಆಚೆ ಉಳಿಯುವುದು ಸುಮಾರು 53. ಎದುರಿಗೆ ಕೂತು ಮಾತಾಡುವ ಸದ್ದು 60ರ ಆಸುಪಾಸು ಇರುತ್ತದೆ. ಅಂದರೆ ಹೊಲದ ಆ ತುದಿಗೆ ನಿಮ್ಮ ‘ಹುಲಿ’ ಮಾತಿಗಿಂತ ಮೆಲ್ಲಗೆ ಗುರುಗುಟ್ಟುತ್ತದೆ.

ಹಬ್ಬದಲ್ಲಿ ಕಟ್ಟುವ ಹಾರ್ನ್ ಸ್ಪೀಕರ್ ದೂರಕ್ಕೆ ಕೇಳುವುದು ಬರೀ ವ್ಯಾಟಿನಿಂದಲ್ಲ, ಅದರ ಬಾಯಿಯ ಆಕಾರದಿಂದ. ಆದರೆ ಹಾರ್ನ್ ತಗ್ಗಿದ ದನಿಯನ್ನು ಸರಿಯಾಗಿ ಹೊರಡಿಸದು. ಹುಲಿ ಗರ್ಜನೆಯ ಗುಂಡಿಗೆ ನಡುಗಿಸುವ ಭಾಗ ಇರುವುದೇ ಆ ತಗ್ಗು ದನಿಯಲ್ಲಿ.

ಬೋರ್ಡಿನಿಂದಲೇ ಧ್ವನಿ ಕೆಡುತ್ತದೆಯೇ?

ಹೌದು, ಕೆಡಬಹುದು. ಸಿ.ಡಿ. ಧ್ವನಿಯನ್ನು 65,536 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಇಎಸ್‌ಪಿ32 ಬೋರ್ಡಿನೊಳಗಿನ ಪರಿವರ್ತಕಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ರಾಸ್ಪ್‌ಬೆರಿ ಪೈ 4ರವರೆಗಿನ ದೊಡ್ಡ ಮಾದರಿಗಳ ಇಯರ್‌ಫೋನ್ ಕಿಂಡಿಯೂ ವೇಗವಾಗಿ ಸ್ವಿಚ್ ಹಾಕಿ ಆರಿಸುವ ವಿಧಾನದಿಂದ ಧ್ವನಿ ಮಾಡುತ್ತದೆ, ಹಾಗಾಗಿ ಹಿನ್ನೆಲೆಯಲ್ಲಿ ‘ಸ್ಸ್’ ಸದ್ದು ಕೇಳಬಹುದು. ಆಂಪ್ಲಿಫೈಯರ್ ಈ ದೋಷವನ್ನೂ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ‘ಐ2ಎಸ್’ ಮೂಲಕ ಜೋಡಿಸುವ ಪ್ರತ್ಯೇಕ ಆಡಿಯೊ ಮಾಡ್ಯೂಲ್ ಇದಕ್ಕಿಂತ ಮೇಲು.

ನೀವೇ ಪರೀಕ್ಷಿಸುವುದು ಹೇಗೆ?

• ಆಡಿಯೊ ಕಿಂಡಿಯಿದ್ದರೆ ಮೊದಲು ಇಯರ್‌ಫೋನಿನಲ್ಲಿ ಕೇಳಿ. ಅಲ್ಲೇ ಕೆಟ್ಟಿದ್ದರೆ ದೋಷ ಬೋರ್ಡಿನದು ಅಥವಾ ಫೈಲಿನದು. ವಾಟ್ಸ್ಆ್ಯಪ್‌ನಲ್ಲಿ ಕೈ ಬದಲಿಸಿ ಬಂದ ಆಡಿಯೊ ಎಷ್ಟೋ ಸಲ ಕುಗ್ಗಿಸಿದ್ದಾಗಿರುತ್ತದೆ.
• ಇಯರ್‌ಫೋನಿನಲ್ಲಿ ಚೆನ್ನಾಗಿದ್ದು ಸ್ಪೀಕರಿನಲ್ಲಿ ಒಡೆದರೆ ದೋಷ ಆಂಪ್ಲಿಫೈಯರ್, ಸ್ಪೀಕರ್ ಅಥವಾ ವಿದ್ಯುತ್ತಿನದು. ಜೋರು ಸದ್ದಿನ ಹೊತ್ತಿಗೆ ಮಲ್ಟಿಮೀಟರ್ ಹಿಡಿಯಿರಿ. ವೋಲ್ಟೇಜ್ ಕುಸಿದರೆ ಬೋರ್ಡ್ ತಾನೇ ಆರಿ ಹತ್ತುತ್ತದೆ.
• ಸ್ಪೀಕರನ್ನು ಬೋರ್ಡಿನ ಪಿನ್ನಿಗೆ ನೇರವಾಗಿ ಜೋಡಿಸಬೇಡಿ. 8 ಓಮ್ ಸ್ಪೀಕರ್ 5 ವೋಲ್ಟಿನಲ್ಲಿ 600 ಮಿಲಿಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಪಿನ್ ತಾಳುವುದು ಕೆಲವು ಹತ್ತು ಮಿಲಿಆಂಪಿಯರ್ ಮಾತ್ರ.
• 12 ವೋಲ್ಟ್ ಬ್ಯಾಟರಿಗೆ ಹೊಂದುವ ಆಂಪ್ಲಿಫೈಯರ್ ಬಳಸಿದರೆ 4 ಓಮ್ ಸ್ಪೀಕರಿಗೆ ಲೆಕ್ಕದಲ್ಲಿ 18 ವ್ಯಾಟಿನವರೆಗೆ ಸಿಗಬಹುದು. ಆದರೂ ಏರಿಕೆ ಏಳೆಂಟು ಡೆಸಿಬಲ್ ಅಷ್ಟೇ.

ಆನೆ ಹೆದರುತ್ತದೆಯೇ?

ಇದು ಪೂರ್ತಿ ಸುಳ್ಳಲ್ಲ. ವಿವೇಕ್ ತುಪ್ಪಿಲ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಲಿಯ ಗುರುಗುಟ್ಟುವಿಕೆ ಕೇಳಿದ ಕಾಡಾನೆಗಳು ಸದ್ದಿಲ್ಲದೆ ಹಿಂದೆ ಸರಿದಿದ್ದವು. ಚಿರತೆಯ ದನಿಗೆ ಅವು ಮೊದಲು ಘೀಳಿಟ್ಟು, ನಿಂತು ಪರಿಶೀಲಿಸಿ, ಆಮೇಲೆ ಹೋಗಿದ್ದವು. ಎರಡು ದನಿಗಳ ವ್ಯತ್ಯಾಸ ಹಿಡಿಯುವ ಪ್ರಾಣಿಗೆ ಒಡೆದ ಧ್ವನಿ ಹುಲಿಯಂತೆ ಕೇಳಲೇಬೇಕೆಂದಿಲ್ಲ. ಅಲ್ಲಿ ಆನೆ ಬಂದಾಗ ಮಾತ್ರ ದನಿ ಹೊರಡುತ್ತಿತ್ತು. ರಾತ್ರಿಯಿಡೀ ಒಂದೇ ಸದ್ದು ಹಾಕಿದರೆ ಪ್ರಾಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

‘ಮನುಷ್ಯರಿಗೆ ಕೇಳದ ಅಲ್ಟ್ರಾಸಾನಿಕ್ ಸದ್ದಿಗೆ ಆನೆ ಓಡುತ್ತದೆ’ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಅಲ್ಟ್ರಾಸೌಂಡ್ ಶುರುವಾಗುವುದು 20,000 ಹರ್ಟ್ಸ್ ಮೇಲೆ. ಪರೀಕ್ಷಿಸಿದ ಏಷ್ಯಾದ ಆನೆಗೆ ಕೇಳಿಸಿದ್ದು ಸುಮಾರು 10,500 ಹರ್ಟ್ಸ್‌ವರೆಗೆ ಮಾತ್ರ. ಆನೆಯ ಕಿವಿ ತಗ್ಗು ದನಿಗೆ ಹೊಂದಿದ್ದು.

ಕೊನೆಯ ಮಾತು

ಸೌಂಡ್ ಬಾಕ್ಸ್ ಕಾವಲಿಗೆ ಒಂದು ಸಹಾಯ ಆಗಬಹುದು, ಕಾವಲುಗಾರ ಆಗಲಾರದು. ಕೊಳ್ಳುವ ಮುನ್ನ ಆರ್‌ಎಂಎಸ್ ವ್ಯಾಟ್ ಕೇಳಿ, 100 ಮೀಟರ್ ದೂರ ನಿಂತು ಸ್ವತಃ ಆಲಿಸಿ. ಸದ್ದು ಹಾಕಿದ ಮೇಲೂ ಆನೆ ಹೋಯಿತೇ ಎಂದು ನೋಡಲು ಹೊಲಕ್ಕೆ ಇಳಿಯಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ‘1000 ವ್ಯಾಟ್’ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಬ್ಯಾಟರಿ ಎಷ್ಟು ವೋಲ್ಟಿನದು, ಎಷ್ಟು ಆಂಪಿಯರ್ ಕೊಡುತ್ತದೆ?